ದೊಡ್ಡವ್ವನ ಒಡಪು, ನಮ್ಮ ಹಿಟ್ ಹಾಡು

ನಮ್ಮ ಬ್ಯಾಂಡಿನ ಹಾಡು ಹಿಟ್ ಆದಾಗ ಕೊಲ್ಹಾಪುರದಿಂದ ಹೂಗುಚ್ಛ ಬಂತು, ಇಚಲಕರಂಜಿಯಿಂದ ಪೇಢೆ ಬಂತು, ಗಡಹಿಂಗ್ಲಜದಿಂದ ಬೈಗುಳ ಬಂತು. ಹೂ ಬಾಡಿತು, ಪೇಢೆ ಎರಡೇ ದಿನದಲ್ಲಿ ಮುಗಿಯಿತು. ಬೈಗುಳ ಇನ್ನೂ ತಾಜಾ ಇದೆ.

ಬೈದವಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ಮಧ್ಯಾಹ್ನ ಫೋನ್ ಮಾಡಿದವಳು ಉಂಡೆಯಾ ಎಂದೂ ಕೇಳಲಿಲ್ಲ.

"ಏ ಕಳ್ಳಿ," ಎಂದಳು. "ನನ್ನ ಒಡಪ ಕದ್ದು ಊರತುಂಬ ಹಂಚೀದಿ. ಈಗ ನಮ್ಮ ಓಣ್ಯಾಗ ನಾನ ಕಳ್ಳಿ ಆಗೇನಿ, ಗೊತ್ತೈತಿಲ್ಲೋ?"

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ. ಪ್ರಾಸ ಹಾಕಿ ಮೂರು ನಾಲ್ಕು ಸಾಲು ಕಟ್ಟಿ, ಅದರ ಬಾಲಕ್ಕೆ ಹೆಸರು ಸೇರಿಸಬೇಕು. ಅದೇ ಒಡಪು. ಮರಾಠಿಯವರು ಉಖಾಣಾ ಎನ್ನುತ್ತಾರೆ. ಹೊಸ ಸೊಸೆ ಬಂದಾಗ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, ಒಡಪು ಹೇಳುವ ತನಕ ಒಳಗೆ ಬಿಡುವುದಿಲ್ಲ. ಗಡಹಿಂಗ್ಲಜದ ಆ ಓಣಿಯಲ್ಲಿ ಒಡಪು ಕಟ್ಟುವುದರಲ್ಲಿ ದೊಡ್ಡವ್ವನನ್ನು ಮೀರಿಸಿದವರಿಲ್ಲ. ಮದುವೆ ಗೊತ್ತಾದ ಹುಡುಗಿಯರು ಅವಳ ಅಡುಗೆಮನೆಗೆ ಬಂದು ಕೂರುತ್ತಾರೆ. ಹುಡುಗನಿಗೆ ಏನು ಇಷ್ಟ, ಯಾವುದಕ್ಕೆ ಹೆದರುತ್ತಾನೆ ಎಂದು ವಿಚಾರಿಸಿ, ರೊಟ್ಟಿ ತಟ್ಟುತ್ತಲೇ ಒಂದನ್ನು ಕಟ್ಟಿಕೊಡುತ್ತಾಳೆ. ಒಬ್ಬಳಿಗೆ ಕೊಟ್ಟದ್ದನ್ನು ಇನ್ನೊಬ್ಬಳಿಗೆ ಕೊಡುವುದಿಲ್ಲ. ಇನ್ನೊಬ್ಬರು ಕಟ್ಟಿದ್ದನ್ನು ತಾನು ಬಾಯಿಗೆ ತಂದುಕೊಳ್ಳುವುದಿಲ್ಲ. ಈ ಎರಡು ನಿಯಮಗಳ ಮೇಲೆ ಅವಳ ಹೆಸರು ನಿಂತಿತ್ತು.

ಆ ವಾರ ಪಕ್ಕದ ಮನೆಗೆ ಸೊಸೆ ಬಂದಿದ್ದಳು. ಹುಡುಗಿ ನಾಚಿ ನಿಂತಾಗ, ಹೇಗೆ ಹೇಳಬೇಕೆಂದು ತೋರಿಸಲು ದೊಡ್ಡವ್ವ ತನ್ನ ಗಂಡನ ಮೇಲೆ ಕಟ್ಟಿದ ಒಡಪನ್ನೇ ಹೇಳಿದಳಂತೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ, ಮೊಬೈಲ್ ಹಿಡಿದು ನಿಂತಿದ್ದ ಕಾಲೇಜು ಹುಡುಗಿಯೊಬ್ಬಳು, "ಅಜ್ಜೀ, ಇದು ರೀಲಿನಾಗಿಂದು. ನಿಮ್ದ ಹೇಳ್ರಿ, ನಿಮ್ದ!" ಎಂದು ಕೂಗಿದಳು. ಎಲ್ಲರೂ ನಕ್ಕರು. ನಾಲ್ಕು ಜನ ಚಪ್ಪಾಳೆ ತಟ್ಟುತ್ತ ನಮ್ಮ ಹಾಡಿನ ಧಾಟಿಯಲ್ಲೇ ಅದನ್ನು ಮುಂದುವರಿಸಿದರು.

"ಮುಂದಿನ ವಾರ ಲಗ್ನ ಇದ್ದಾಕಿ ಒಬ್ಬಾಕಿ ಬರ್ತೇನಂದಿದ್ಲು. ಬರ್ಲಿಲ್ಲ," ಎಂದಳು ದೊಡ್ಡವ್ವ. "'ಅಜ್ಜಿ ಮೊಬೈಲ್ ನೋಡಿ ಹೇಳ್ತಾರಂತ, ಮೊಬೈಲ್ ನನ್ ಕಡೇನೂ ಐತಿ' ಅಂದ್ಲಂತ. ನೋಡವಾ, ನನ್ನ ಹೆಸರ ನನಗ ಹೊಳ್ಳಿ ಕೊಡು. ಹೆಂಗ ಕೊಡ್ತೀ ನನಗ ಗೊತ್ತಿಲ್ಲ."

ಫೋನ್ ಇಟ್ಟ ಮೇಲೆ ನನಗೆ ಮೊದಲು ಬಂದದ್ದು ಸಿಟ್ಟು. ಕಾರಣ, ಆ ನಾಲ್ಕು ಸಾಲುಗಳನ್ನು ಬರೆದದ್ದು ನಾನು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ಹೊರಟ ಬಸ್ಸಿನಲ್ಲಿ, ನಿಪ್ಪಾಣಿ ದಾಟಿದ ಮೇಲೆ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಬರೆದೆ. ನನಗೆ ಆ ಕಿಟಕಿ ನೆನಪಿದೆ, ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಸಾಲುಗಳು ಇವು:

ಗ್ವಾಡಿ ಮ್ಯಾಲಿನ ಗಡಿಯಾರ ಹತ್ತ ಮಿನಿಟ ಮುಂದ,
ಬಾಜಾರಕ್ಕ ಹೋದಾವ್ರು ಎರಡ ತಾಸ ಹಿಂದ,
ತಾಟ ಹಾಕಿದ್ರ ಸಾಕ, ಓಡಿ ಬರತಾರ ಮುಂದ,
ಹೆಸರ ಕೇಳ್ತೀರಿ? ತಡೀರಿ, ಇನ್ನೂ ಅದಾರ ಹಿಂದ!

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ಎರಡು ವರ್ಷ ಹೇಳಿಸಿಕೊಂಡಿದ್ದೇನೆ. ಅದಕ್ಕೇ ಡೈರಿ ಇಡುತ್ತೇನೆ. ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ನಾಲ್ಕು ಸಾಲುಗಳಿದ್ದವು, ಕೆಳಗೆ ನನ್ನ ಅಕ್ಷರದಲ್ಲೇ "ತಾನಾಗಿ ಬಂತು" ಎಂದಿತ್ತು. ಗೆದ್ದೆ ಎಂದುಕೊಂಡೆ. ಆಮೇಲೆ ಹಿಂದಿನ ಪುಟ ತಿರುವಿದೆ. ಹಿಂದಿನ ದಿನ ನಾನು ದೊಡ್ಡವ್ವನ ಮನೆಯಲ್ಲೇ ಇದ್ದೆ. ಅವಳ ಮಗಳ ಕುಬಸ, ಏಳು ತಿಂಗಳ ಬಸುರಿಗೆ ಸೀರೆ ಉಡಿಸಿ ಆರತಿ ಮಾಡುವ ಕಾರ್ಯಕ್ರಮ. ಅಲ್ಲಿ ಹೆಂಗಸರೆಲ್ಲ ಸಾಲಾಗಿ ಒಡಪು ಹೇಳುತ್ತಾರೆ. ಇಷ್ಟೆಲ್ಲ ನಡೆದ ದಿನದ ಬಗ್ಗೆ ಇತಿಹಾಸದ ಎಂ.ಎ. ಬರೆದಿಟ್ಟದ್ದು ಇಷ್ಟೇ: "ಹೋಳಿಗೆ ಮೂರು. ತಲೆನೋವು."

ಒಡಪಿನ ಹೊತ್ತಿನಲ್ಲಿ ನಾನು ಹಿತ್ತಲಿನಲ್ಲಿ ಕೈ ತೊಳೆಯುತ್ತಿದ್ದೆ ಎಂದು ನನಗೆ ಖಚಿತವಾಗಿ ನೆನಪಿದೆ. ತಿರುಗಿ ಫೋನ್ ಮಾಡಿ ಹಾಗೆಂದೆ.

"ಹಿತ್ಲಾಗ?" ಎಂದಳು ದೊಡ್ಡವ್ವ. "ನನ್ನ ಮುಂದ ಬಾಯಿ ತಕ್ಕೊಂಡ ಕುಂತಿದ್ದಿ. ಬಾಯಾಗ ಹೋಳಿಗಿ ಇತ್ತು. ನಾ ಒಡಪ ಮುಗಿಸಿದ ಮ್ಯಾಲೆ ನುಂಗೀದಿ."

ಮೂರರಲ್ಲಿ ಯಾವ ಹೋಳಿಗೆ ಎಂದು ಕೇಳಬೇಕೆನಿಸಿತು.

ಬ್ಯಾಂಡಿನ ಬಗ್ಗೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ನಾವು ಮೂವರು. ಹಾಡುವವನು ಕೊಲ್ಹಾಪುರದ ಮರಾಠಿಯವನು, ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು, ಗಿಟಾರ್ ಅವನದೇ. ಡ್ರಮ್ಸ್ ಬಾರಿಸುವವನು ಇಚಲಕರಂಜಿಯ ಹತ್ತಿರದ ಕೊರೋಚಿಯವನು, ನಮ್ಮ ಹಾಗೆ ಕನ್ನಡದ ಮನೆಯವನು, ಮನೆಯ ಹಿಂದೆ ಪವರ್‌ಲೂಮ್ ಶೆಡ್ಡು. ಕೀಬೋರ್ಡ್ ನನ್ನದು. ನಾವು ನುಡಿಸುವುದು ನ್ಯೂ ವೇವ್. ಹಾಗೆಂದರೇನು ಎಂದು ಕೇಳಿದವರಿಗೆ ನಾನು ಹೇಳುತ್ತಿದ್ದದ್ದು: ಗಿಟಾರ್ ಅಳಬಾರದು, ಕೀಬೋರ್ಡ್ ಕೊರೆಯಬೇಕು, ತಾಳ ಯಂತ್ರದಷ್ಟು ಒಣಗಿರಬೇಕು, ಹಾಡುವವನು ಬಾಡಿಗೆ ಕೇಳಲು ಬಂದವನ ಹಾಗೆ ನಿಂತಿರಬೇಕು. ನಾಲ್ಕನೆಯದನ್ನು ನಮ್ಮ ಮೇಷ್ಟ್ರು ಹುಟ್ಟುತ್ತಲೇ ಕಲಿತಿದ್ದ. ಕಾಲೇಜುಗಳ ವಾರ್ಷಿಕ ಗ್ಯಾದರಿಂಗುಗಳಲ್ಲಿ ನುಡಿಸುತ್ತಿದ್ದೆವು. ಹುಡುಗರು ನಮ್ಮ ಸರದಿ ಬಂದಾಗ ವಡಾಪಾವ್ ತಿನ್ನಲು ಹೊರಗೆ ಹೋಗುತ್ತಿದ್ದರು.

ಯಂತ್ರದ ತಾಳ ಬೇಕಾದರೆ ಯಂತ್ರದ ಹತ್ತಿರವೇ ಹೋಗೋಣ ಎಂದು ಕೊರೋಚಿಯ ಶೆಡ್ಡಿಗೆ ಹೋದದ್ದು ಯಾರ ಯೋಚನೆ ಎಂಬುದರ ಬಗ್ಗೆ ಮೂವರದೂ ಒಂದೇ ಉತ್ತರ: "ನನ್ನದು." ಒಂದು ಭಾನುವಾರ ಬೆಳಿಗ್ಗೆ ಒಂದೇ ಮಗ್ಗ ಓಡಿಸಿ ಅದರ ಪಕ್ಕ ಮೈಕು ಇಟ್ಟೆವು. ಮಗ್ಗದ ಫಣಿ ಮುಂದಕ್ಕೆ ಬಂದು ನೂಲನ್ನು ಬಡಿದು ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ನನ್ನ ನಾಲ್ಕು ಸಾಲು ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ ಕೂತವು. ಮುಂದ, ಹಿಂದ, ಮುಂದ, ಹಿಂದ.

ಮೇಷ್ಟ್ರಿಗೆ ಕನ್ನಡ ಅರ್ಧ ಗೊತ್ತು. ದೇವನಾಗರಿಯಲ್ಲಿ ಬರೆದುಕೊಟ್ಟ ಸಾಲುಗಳನ್ನು ಓದಿ, ಅರ್ಥ ಕೇಳಿ, "ಅಗ, ಹಾ ತರ ಉಖಾಣಾ ಆಹೆ," ಎಂದ. ಇದು ಉಖಾಣಾ ಅಲ್ಲವೇನೇ, ಹೆಸರೆಲ್ಲಿ ಎಂದು ಕೇಳಿದ.

ಅಲ್ಲ, ಇದು ಆಧುನಿಕ ಕವಿತೆ ಎಂದೆ ನಾನು. ಈ ಮಾತನ್ನು ಮರೆತುಬಿಡಲು ಎಷ್ಟೋ ಪ್ರಯತ್ನಿಸಿದ್ದೇನೆ. ಮರೆಯಬೇಕಾದದ್ದು ಮಾತ್ರ ಮರೆಯುವುದಿಲ್ಲ.

ಮೂರನೆಯ ಸಲ ಹಾಡುವಾಗ, "ಹೆಸರ ಕೇಳ್ತೀರಿ?" ಎಂಬಲ್ಲಿಗೆ ಕರೆಂಟು ಹೋಯಿತು. ಮಗ್ಗ ನಿಂತಿತು, ನನ್ನ ಕೀಬೋರ್ಡ್ ಸತ್ತಿತು. ಮೇಷ್ಟ್ರು ಬಾಯಿ ತೆರೆದೇ ನಿಂತ. ಆ ಮೌನದಲ್ಲಿ, ಮೂಲೆಯಲ್ಲಿ ಲಾಳಿಯ ಕಾಂಡಿಗೆ, ಆ ಸಣ್ಣ ಕೊಳವೆಗೆ, ನೂಲು ಸುತ್ತುತ್ತಿದ್ದ ಹೆಂಗಸೊಬ್ಬಳು, ಯಾರೋ ತನ್ನನ್ನೇ ಕೇಳಿದರು ಎಂಬಂತೆ, ತನ್ನ ಗಂಡನ ಹೆಸರನ್ನು ಸ್ಪಷ್ಟವಾಗಿ ಹೇಳಿ ಕಿಸಕ್ಕನೆ ನಕ್ಕಳು. ರೆಕಾರ್ಡಿಂಗ್ ಲ್ಯಾಪ್‌ಟಾಪಿನಲ್ಲಿ ನಡೆದೇ ಇತ್ತು. ಆಮೇಲೆ ಅವಳು ಬಂದು, "ಹೆಸರ ತಗದ ಬಿಡ್ರಿ, ಅತ್ತಿ ಕೇಳಿದ್ರ ಮನೀ ಬಿಡಸ್ತಾಳ" ಎಂದು ಕೈಮುಗಿದಳು. ಹೆಸರನ್ನು ಅಳಿಸಿದೆವು. ಅಷ್ಟು ಜಾಗ ಖಾಲಿ ಉಳಿಯಿತು. ಖಾಲಿಯ ನಂತರ ಅವಳ ನಗು ಮಾತ್ರ ಇತ್ತು.

ಇದನ್ನು ಬರೆಯುತ್ತಿರುವಾಗ ಡ್ರಮ್ಮರ್ ಹಿಂದೆ ನಿಂತು ಓದುತ್ತಿದ್ದಾನೆ. ಅವನು ಈಗ ನನ್ನ ಗಂಡ, ಆದ್ದರಿಂದ ಹಾಗೆ ಓದುವ ಹಕ್ಕು ತನಗಿದೆ ಎಂದು ತಿಳಿದಿದ್ದಾನೆ.

"ಕರೆಂಟ್ ಎಲ್ಲಿ ಹೋಗಿತ್ತು?" ಎಂದ. "ಎಳಿ ಹರದಿತ್ತು, ನಾನ ಮಗ್ಗ ಬಂದ್ ಮಾಡಿದ್ನಿ. ನಿನ್ನ ಕೀಬೋರ್ಡ್ ಪಿನ್ನ ನೀನ ಕಾಲಾಗ ಒದ್ದು ಕಿತ್ತಿದ್ದಿ."

ಓದುಗರು ಯಾವುದನ್ನು ಬೇಕಾದರೂ ನಂಬಬಹುದು. ಕರೆಂಟು ಹೋದದ್ದು ಹೆಚ್ಚು ಚೆನ್ನಾಗಿದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ.

ಹಾಡು ಹಿಟ್ ಆದದ್ದು ಆ ಖಾಲಿ ಜಾಗದಿಂದ. ನನ್ನ ಕೀಬೋರ್ಡಿನಿಂದ ಅಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು. "ಹೆಸರ ಕೇಳ್ತೀರಿ?" ಎಂದು ಹಾಡು ನಿಂತಾಗ ಕೇಳುವವರು ಸುಮ್ಮನಿರಲಾರರು. ಶಿರೋಳದ ಕಡೆಯ ಸೊಸೆಯೊಬ್ಬಳು ಹಿಟ್ಟಿನ ಕೈಯಲ್ಲೇ ಅಲ್ಲಿ ಗಂಡನ ಹೆಸರು ಹೇಳಿ ರೀಲ್ ಮಾಡಿದಳು. ಅವಳ ನಾದಿನಿ ಮಾಡಿದಳು. ಆಮೇಲೆ ಅತ್ತೆಯೇ ಮಾಡಿದಳು, ಸೆರಗು ಬಾಯಿಗಿಟ್ಟುಕೊಂಡು. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಗಂಡಸರು ಹೆಂಡತಿಯ ಹೆಸರು ಕೂಗಿದರು. ಮದುವೆಯ ಡಿ.ಜೆ.ಗಳು ಅಲ್ಲಿ ಶಬ್ದ ನಿಲ್ಲಿಸಿ ಮದುಮಗಳ ಮುಂದೆ ಮೈಕು ಹಿಡಿಯತೊಡಗಿದರು. ಗ್ಯಾದರಿಂಗಿನ ಹುಡುಗರು ವಡಾಪಾವನ್ನು ಒಳಗೇ ತಂದರು.

ಒಂದು ಆನ್‌ಲೈನ್ ಚಾನೆಲ್ಲಿನ ಹುಡುಗಿ ಬಂದು ಸಂದರ್ಶನ ಮಾಡಿದಳು. ಸಾಲುಗಳನ್ನು ಯಾರು ಬರೆದದ್ದು ಎಂದು ಕೇಳಿದಳು. ನಾನು ಕೂದಲು ಸರಿಮಾಡಿಕೊಂಡು, "ನಾನೇ. ಬಸ್ಸಿನಲ್ಲಿ ತಾನಾಗಿ ಬಂತು," ಎಂದೆ. ಆ ವಿಡಿಯೊ ಇನ್ನೂ ಇದೆ. ಅದರಲ್ಲಿ ನಾನು ಸುಳ್ಳು ಹೇಳುವವಳ ಹಾಗೆ ಒಂದಿಷ್ಟೂ ಕಾಣುವುದಿಲ್ಲ. ನನ್ನನ್ನು ಹೆದರಿಸುವುದು ಅದೇ.

ಹೋಳಿಗೆಯ ಮಾತಿನ ನಂತರ ನನ್ನ ಖಚಿತತೆ ದಿನಕ್ಕೊಂದು ಇಟ್ಟಿಗೆಯಂತೆ ಕಳಚತೊಡಗಿತು. ದೊಡ್ಡವ್ವನ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿರುವುದು ನೆನಪಾಯಿತು. ಸಂತೆಗೆ ಹೋದ ದೊಡ್ಡಪ್ಪ ಹೊತ್ತಿಗೆ ಸರಿಯಾಗಿ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಬಸ್ಸಿನಲ್ಲಿ ತಾನಾಗಿ ಬಂದದ್ದು ಕವಿತೆಯಲ್ಲ, ಹಿಂದಿನ ದಿನ ಕಿವಿಯೊಳಗೆ ಬಿದ್ದದ್ದು ಮೇಲಕ್ಕೆ ಬಂದದ್ದು. ಕೊನೆಯ ಸಾಲಿಗೆ ಗಂಡನ ಹೆಸರನ್ನು ಅವಳು ಸೇರಿಸಿಯೇ ಇರುತ್ತಾಳೆ. ನಾನು ಅದೊಂದನ್ನು ಬಿಟ್ಟು ಉಳಿದದ್ದನ್ನು ಹೊತ್ತು ತಂದಿದ್ದೆ.

ನಾನು ಮೊಬೈಲಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆದೆ: ಈ ಸಾಲುಗಳು ನನ್ನವಲ್ಲ, ನನ್ನ ದೊಡ್ಡವ್ವನವು, ತಪ್ಪಾಯಿತು. ಕೆಳಗೆ ಬಂದ ಮಾತುಗಳನ್ನು ಓದಿ ತಲೆ ಚಚ್ಚಿಕೊಳ್ಳುವಂತಾಯಿತು. "ಎಷ್ಟು ವಿನಯ!" "ಹಿರಿಯರಿಗೆ ಶ್ರೇಯಸ್ಸು ಕೊಡುವ ಗುಣ ನೋಡಿ ಕಲಿಯಬೇಕು." "ಇಷ್ಟು ದೊಡ್ಡವಳಾದರೂ ದೊಡ್ಡವ್ವನ ಕಾಲಿಗೆ ಬೀಳುತ್ತಾಳೆ." ಒಬ್ಬರೂ ನಂಬಲಿಲ್ಲ, ಎಲ್ಲರೂ ಮೆಚ್ಚಿದರು. ದೊಡ್ಡವ್ವನ ಓಣಿಯವರೂ ಮೆಚ್ಚಿದರು.

"ಏನ ಮಾಡಿದ್ಯವಾ?" ಎಂದು ಮತ್ತೆ ಫೋನ್ ಬಂತು. "ಮೊದಲ ಕಳ್ಳಿ ಅಂತಿದ್ರು. ಈಗ 'ಮಗಳು ಪುಣ್ಯಾತ್ಗಿತ್ತಿ, ಮುದಕೀ ಮಾನ ಉಳಸಾಕ ಸುಳ್ಳ ಹೇಳ್ಯಾಳ' ಅನ್ನಾಕತ್ತಾರ. ನೀ ಮತ್ತೇನೂ ಬರೀಬ್ಯಾಡ. ನನ್ನ ಸಣ್ಣ ಮಗನ ಲಗ್ನಕ್ಕ ಬಾ. ಬಂದು ಬಾಗ್ಲಾಗ ನಿಂದರ."

ಬಾಗಿಲಲ್ಲಿ ನಿಲ್ಲು ಎಂದದ್ದು ಏಕೆಂದು ನನಗೆ ಹೊಳೆಯಲಿಲ್ಲ. ನಮ್ಮ ಮದುವೆ ಇಚಲಕರಂಜಿಯ ರಿಜಿಸ್ಟರ್ ಕಚೇರಿಯಲ್ಲಿ ಆದದ್ದು. ಅಲ್ಲಿಂದ ನೇರ ಪ್ರಾಕ್ಟೀಸಿಗೆ ಹೋಗಿದ್ದೆವು. ನನ್ನನ್ನು ಯಾವ ಬಾಗಿಲಲ್ಲೂ ಯಾರೂ ತಡೆದಿರಲಿಲ್ಲ, ನಾನು ಜನ್ಮದಲ್ಲಿ ಒಂದು ಒಡಪೂ ಹೇಳಿರಲಿಲ್ಲ.

ಮದುವೆ ನೇಸರಿಯಲ್ಲಿ, ಹುಡುಗಿಯ ಊರಿನಲ್ಲಿ. ಮರುದಿನ ಹನ್ನೊಂದರ ಹೊತ್ತಿಗೆ ಹೆಣ್ಣನ್ನು ಕರೆದುಕೊಂಡು ಗಡಹಿಂಗ್ಲಜಕ್ಕೆ ಬಂದೆವು. ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತಿದ್ದರು, ಹೊಸ್ತಿಲ ಒಳಗೆ ದೊಡ್ಡವ್ವ ಆರತಿ ತಟ್ಟೆ ಹಿಡಿದು. ದೊಡ್ಡಪ್ಪ ವೀಳ್ಯದೆಲೆ ತರಲು ಸಂತೆಗೆ ಹೋಗಿದ್ದ. ಮೊಬೈಲಿನ ಹುಡುಗಿಯೂ ಇದ್ದಳು. ನನ್ನ ಗುರುತು ಹಿಡಿದವಳು ಅವಳೇ.

"ಅಯ್ಯ, ಹಾಡಿನಾಕಿ! ಮೊದಲ ಇವ್ರ ಹೇಳ್ಲಿ. ಹೊಸ ಸೊಸಿ ಆಮ್ಯಾಲೆ ಹೇಳ್ಲಿ!"

"ಹೌದ್ರಿ, ಹೌದ್ರಿ. ಗಂಡನೂ ಬಾಜೂಕ ಅದಾನ."

ನಾನು ಗಂಟಲು ಸರಿಮಾಡಿಕೊಂಡು, ಗ್ವಾಡಿ ಮ್ಯಾಲಿನ, ಎನ್ನುವಷ್ಟರಲ್ಲಿ ದೊಡ್ಡವ್ವ ಆರತಿ ತಟ್ಟೆಯನ್ನು ಒಮ್ಮೆ ಕುಲುಕಿದಳು.

"ಅದ ಬ್ಯಾಡ. ಅದು ಹಳೇದಾತು. ಬರ್ಯಾಕಿ ಅದೀ, ಹೊಸಾದು ಹೇಳು. ನಿನ್ನ ಗಂಡನ ಮ್ಯಾಲೆ. ಈಗ."

ಮುಖದಲ್ಲಿ ನಗುವಿರಲಿಲ್ಲ. ಬಾಗಿಲಲ್ಲಿ ನಿಲ್ಲು ಎಂದದ್ದು ಏಕೆಂದು ನನಗೆ ಆಗ ಅರ್ಥವಾಯಿತು. ಹುಡುಗಿ ಮೊಬೈಲ್ ಎತ್ತಿದಳು. ನಾನು ಗಂಡನ ಕಡೆ ನೋಡಿದೆ. ಈ ಮನುಷ್ಯನ ಬಗ್ಗೆ ನನಗೆ ಎಷ್ಟೊಂದು ಗೊತ್ತು: ಚಹಾ ಆರಿಸಿ ಕುಡಿಯುತ್ತಾನೆ, ಬೆಕ್ಕಿಗೆ ಹೆದರುತ್ತಾನೆ, ನಿದ್ದೆಯಲ್ಲೂ ತಾಳ ಹಾಕುತ್ತಾನೆ. ಒಂದೂ ಸಾಲಾಗಿ ನಿಲ್ಲಲಿಲ್ಲ. ಕೊನೆಗೆ ನನ್ನ ಬಾಯಿಂದ ಹೊರಬಿದ್ದದ್ದು ಇದು:

"ಕೊರೋಚಿ ಊರಾಗ ಒಂದು ಮಗ್ಗ ಐತಿ... ಮಗ್ಗದ ಬಾಜೂಕ ಇನ್ನೊಂದು ಮಗ್ಗ ಐತಿ..."

"ಮೂರನೇದೂ ಐತೇನವಾ?" ಎಂದಳು ಹಿಂದಿನಿಂದ ಒಬ್ಬ ಮುದುಕಿ.

"ಏಳ ಅದಾವ್ರಿ," ಎಂದ ನನ್ನ ಗಂಡ, ಸಹಾಯ ಮಾಡುವವನ ಹಾಗೆ.

"ಏಳೂ ಹೇಳೋತನಾ ನಾವ ಇಲ್ಲೇ ನಿಂದ್ರೂಣೇನು? ಹೊಸ ಸೊಸಿಗೆ ಕೂಸು ಆಗ್ತೈತಿ!"

ಓಣಿಗೆ ಓಣಿಯೇ ನಕ್ಕಿತು. ನಾನು ಗಡಬಡಿಸಿ ಎರಡನೇ ಮಗ್ಗದ ಮೇಲೆಯೇ ಗಂಡನ ಹೆಸರನ್ನು ಒಗೆದು ಕಣ್ಣು ಮುಚ್ಚಿಕೊಂಡೆ. ನಗು ಇಳಿಯುತ್ತಿದ್ದಂತೆ ಮೊಬೈಲಿನ ಹುಡುಗಿ, ಲೆಕ್ಕ ತಪ್ಪಿದವಳ ಹಾಗೆ, ನಿಧಾನವಾಗಿ ಕೇಳಿದಳು: "ಅಲ್ಲಾ, ಇವ್ರಿಗೆ ಬರೂದ ಇಲ್ಲ. ಹಂಗಾರ ಆ ಹಾಡ ಯಾರ ಕಟ್ಟಿದ್ದು?"

ತಲೆಗಳು ಒಂದೊಂದಾಗಿ ಹೊಸ್ತಿಲಿನ ಕಡೆ ತಿರುಗಿದವು. ದೊಡ್ಡವ್ವ ಯಾವ ಅವಸರವೂ ಇಲ್ಲದೆ ಆರತಿಯ ಬತ್ತಿಯನ್ನು ಮೇಲೆಳೆದಳು. ಆಮೇಲೆ, ನಿಂತ ನಿಲುವಿನಲ್ಲೇ:

"ಊರಿಗೆಲ್ಲಾ ಹಾಡ ಹಂಚಿ ಬಂದಾಳ ನಮ್ಮ ಮಗಳು,
ಬಾಗ್ಲಾಗ ನಿಂತು ಬೆವತಾಳ ನೋಡ್ರಿ ಹಾಡಹಗಲು,
ಒಡಪ ಬೇಕಾದಾಕಿ ಬರ್ರಿ, ಬಾಗ್ಲಿಗಿಲ್ಲ ಅಗಳು,
ಎಂದಿದ್ರೂ ನಾ ಇರಾಕಿ..."

ಇಲ್ಲಿ ದೊಡ್ಡಪ್ಪನ ಹೆಸರು ಹೇಳಿ, "...ಅವರ ಬಗಲು!" ಎಂದು ಮುಗಿಸಿದಳು. ಹೆಸರನ್ನು ನಾನು ಬರೆಯುವುದಿಲ್ಲ. ಅದನ್ನು ಹೇಳುವ ಹಕ್ಕು ಇರುವವಳು ಒಬ್ಬಳೇ.

"ಬಗಲಾಗ ಎಲ್ಲದಾರ ನಿಮ್ಮವ್ರು?" ಎಂದು ಮುದುಕಿ ಕೂಗಿದಳು. "ಎಲಿ ತರಾಕ ಹೋಗಿ ಎರಡ ತಾಸಾತು!"

ಎರಡು ತಾಸು ಎಂಬ ಮಾತು ಬಿದ್ದದ್ದೇ ಮೊಬೈಲಿನ ಹುಡುಗಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ನೇಸರಿಯ ಸೊಸೆಯೂ ಮುಸುಕಿನೊಳಗೆ ನಕ್ಕಳು. ಹಾಡಿನ ಗಂಡ ಯಾರೆಂದು ಇಡೀ ಓಣಿಗೆ ಆ ಕ್ಷಣ ಗೊತ್ತಾಯಿತು. ದೊಡ್ಡಪ್ಪ ಊಟದ ತಾಟು ಹಾಕುವ ಹೊತ್ತಿಗೆ ಸರಿಯಾಗಿ ಬಂದು, ಎಲ್ಲರೂ ತನ್ನನ್ನು ನೋಡಿ ಯಾಕೆ ಚಪ್ಪಾಳೆ ತಟ್ಟುತ್ತಿದ್ದಾರೆಂದು ತಿಳಿಯದೆ, ಎಲೆಯ ಕಟ್ಟನ್ನು ಎತ್ತಿ ತೋರಿಸಿದ.

ನನ್ನ ಎರಡು ಮಗ್ಗಗಳ ವಿಡಿಯೊ ಸಂಜೆಯೊಳಗೆ ಕೊಲ್ಹಾಪುರ ಮುಟ್ಟಿತು. ಮೇಷ್ಟ್ರು ಫೋನ್ ಮಾಡಿ ಐದು ನಿಮಿಷ ಬರೀ ನಕ್ಕ. ಈ ಸಲ ವಿನಯ ಎಂದು ಯಾರೂ ಬರೆಯಲಿಲ್ಲ. ದೊಡ್ಡವ್ವನ ಅಡುಗೆಮನೆಗೆ ಮರುದಿನವೇ ಇಬ್ಬರು ಹುಡುಗಿಯರು ಬಂದು ಕೂತರು, ಒಬ್ಬಳು ನೇಸರಿಯಿಂದ ಬಸ್ಸು ಹತ್ತಿ ಬಂದಿದ್ದಳು.

ನಾನು ಬೇಕೆಂದೇ ಸೋತೆ ಎಂದು ಡೈರಿಯಲ್ಲಿ ಬರೆದೆ. ದೊಡ್ಡವ್ವನ ಹೆಸರನ್ನು ಹಿಂದಿರುಗಿಸಲು ಇದ್ದ ಒಂದೇ ದಾರಿ ಅದು, ಅದನ್ನು ಅರಿತೇ ತೊದಲಿದೆ ಎಂದು. ಓದಿಕೊಂಡಾಗ ಚೆನ್ನಾಗಿತ್ತು. ಗಂಡ ಹಿಂದಿನಿಂದ ಇಣುಕಿ, "ಬೇಕಂತ? ನಿನ್ನ ಮಾರಿ ನಾ ಬಾಜೂಕ ನಿಂತು ನೋಡೇನಿ," ಎಂದ. ಸಾಲನ್ನು ಹೊಡೆದುಹಾಕಿದೆ. ಹಾಗಂತ ಅವನ ಮಾತೇ ನಿಜ ಎಂದೂ ಬರೆದಿಲ್ಲ.

ಹೊರಡುವ ದಿನ ದೊಡ್ಡವ್ವ ನನ್ನನ್ನು ಒಲೆಯ ಹತ್ತಿರ ಕರೆದು, ಅವನು ಚಹಾ ಹೇಗೆ ಕುಡಿಯುತ್ತಾನೆ ಎಂದು ಕೇಳಿದಳು. ಹೇಳಿದೆ. ಬೆಕ್ಕಿನ ವಿಷಯವನ್ನೂ ಹೇಳಿದೆ. ಅವಳು ಒಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿ, ನನ್ನ ಕಿವಿಗೆ ಬಾಯಿಟ್ಟು ನಾಲ್ಕು ಸಾಲು ಹೇಳಿದಳು.

"ಇದು ನಿಂದು. ನಿನ್ನ ಆ ಮಾಸ್ತರಗ ಕೊಟ್ಟಿ ಅಂದ್ರ ಹೊಸ್ತಲಾ ತುಳೀಬ್ಯಾಡ."

ಸಾಲುಗಳು ಬಹಳ ಚೆನ್ನಾಗಿವೆ. ನಮ್ಮ ಹಿಟ್ ಹಾಡಿಗಿಂತ ಚೆನ್ನಾಗಿವೆ. ಮೇಷ್ಟ್ರು ಹೊಸ ಹಾಡಿಗೆ ಮಾತು ಬೇಕೆಂದು ವಾರಕ್ಕೊಮ್ಮೆ ಕಾಡುತ್ತಾನೆ, ನಾನು ಇಲ್ಲವೆನ್ನುತ್ತೇನೆ. ಡೈರಿಯಲ್ಲೂ ಅವನ್ನು ಬರೆದಿಲ್ಲ, ಬರೆದರೆ ಇನ್ನೊಂದು ವರ್ಷಕ್ಕೆ ನಾನೇ ಕಟ್ಟಿದ್ದೆಂದು ನಂಬಿಬಿಡುತ್ತೇನೆ. ಗಂಡನಿಗೂ ಹೇಳಿಲ್ಲ.

"ನನ್ನ ಮ್ಯಾಲಿನ ಒಡಪ ನನಗ ಕೇಳ್ಸೂದಿಲ್ಲೇನು?" ಎನ್ನುತ್ತಾನೆ.

"ಯಾರರ ಬಾಗ್ಲಾಗ ನನ್ನ ತಡೀಲಿ. ಆವಾಗ ಕೇಳು."

ಮದುವೆ ಎಂದರೆ ಹೊಟ್ಟೆನೋವು ಎನ್ನುತ್ತಿದ್ದವನು ಈಗ ಯಾರ ಲಗ್ನಪತ್ರಿಕೆ ಬಂದರೂ ಮೊದಲು ಇಸ್ತ್ರಿ ಅಂಗಿ ಹುಡುಕುತ್ತಾನೆ.